ಗಾಳಿ ಎದ್ದ ಮೇಲೆ ಹಾರದವರು

ಅವರು ತೀರಿಕೊಂಡರೆಂದು ಕೇಳಿ ಯಲಬುರ್ಗಾಕ್ಕೆ ಓಡಿದೆ. ನಾನು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಅಂಗಳದಲ್ಲಿ ಚಾಪೆಯ ಮೇಲೆ ಕುಳಿತಿದ್ದ ನೆಂಟರೊಬ್ಬರು ಪಕ್ಕದವರಿಗೆ, ಈತ ವಯಸ್ಸಿನಲ್ಲಿ ಯಾವುದೋ ಕಂಪನಿಯ ಬಸ್ಸು ಹೊಡೆಯುತ್ತಿದ್ದನಂತೆ ಎಂದು ಹೇಳುತ್ತಿದ್ದರು. ಪಕ್ಕದವರು ಬಸ್ಸಲ್ಲ, ಲಾರಿ ಎಂದು ತಿದ್ದಿದರು. ನನಗೆ ಸಿಟ್ಟು ನೆತ್ತಿಗೇರಿತು. ಸಾವಿನ ಮನೆ ಎನ್ನುವುದನ್ನೂ ಮರೆತು, ಬಸ್ಸೂ ಅಲ್ಲ, ಲಾರಿಯೂ ಅಲ್ಲ, ವಿಮಾನ ಎಂದು ಒದರಿಬಿಟ್ಟೆ. ಇಬ್ಬರೂ ನನ್ನನ್ನು ಒಂದು ಗಳಿಗೆ ನೋಡಿ, ಪಾಪ, ದುಃಖದಲ್ಲಿ ಏನೋ ಮಾತಾಡುತ್ತಾನೆ ಎಂಬಂತೆ ಚಾಪೆಯ ಮೇಲೆ ಸರಿದು ನನಗೆ ಜಾಗ ಮಾಡಿಕೊಟ್ಟರು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ತಮ್ಮ ಹೆಸರು ಎಲ್ಲಿಯಾದರೂ ಬರೆದದ್ದು ಕಂಡರೆ ಅವರಿಗೆ ಮೈ ಮುದುಡುತ್ತಿತ್ತು. ನಾವು ಕ್ಯಾಪ್ಟನ್ ಎನ್ನುತ್ತಿದ್ದೆವು, ರೈತರು ‘ಇಮಾನದ ಸಾಹೇಬ್ರು’ ಎನ್ನುತ್ತಿದ್ದರು. ಅಷ್ಟು ಸಾಕು.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಗಂಗಾವತಿ ಕಡೆಯ ಕಾಲುವೆ ನೀರಿನ ಭತ್ತಕ್ಕೆ ಜಿಗಿಹುಳ ಬಿದ್ದು, ಇವತ್ತು ಹಸಿರಾಗಿದ್ದ ಗದ್ದೆ ನಾಲ್ಕು ದಿನ ಬಿಟ್ಟು ನೋಡಿದರೆ ಬೆಂಕಿ ಇಟ್ಟಂತೆ ಒಣಗಿರುತ್ತಿತ್ತು. ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಡೆದು ಪೂರೈಸುವ ಮಾತಲ್ಲ ಅದು. ಆಗ ಹೈದರಾಬಾದಿನ ಕಂಪನಿಯೊಂದು ಮೂರು ಸಣ್ಣ ವಿಮಾನ ತಂದು, ಶ್ರೀರಾಮನಗರದ ಆಚೆಯ ಗಟ್ಟಿ ನೆಲಕ್ಕೆ ಮೊರಂ ಮಣ್ಣು ಹಾಸಿ ಓಡುದಾರಿ ಮಾಡಿ, ಮೇಲಿನಿಂದ ಔಷಧ ಹೊಡೆಯುವ ಗುತ್ತಿಗೆ ಹಿಡಿಯಿತು. ನಾನು ಕುಕನೂರಿನವನು. ಹೊಸದಾಗಿ ಮದುವೆಯಾಗಿ, ಮಾವನೆದುರು ಉದ್ಯೋಗವಿಲ್ಲದೆ ತಲೆ ತಗ್ಗಿಸಿಕೊಂಡು ತಿರುಗುತ್ತಿದ್ದೆ. ಟೈಪಿಂಗ್ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಆ ಬಿಡಾರದಲ್ಲಿ ಕಾರಕೂನನ ಕೆಲಸ ಸಿಕ್ಕಿತು. ನಾಲ್ಕು ಡೇರೆ, ಒಂದು ತಗಡಿನ ಆಫೀಸು, ಔಷಧದ ಪೀಪಾಯಿಗಳ ಸಾಲು, ಮೂರು ವಿಮಾನ. ಪೈಲಟ್ಟರೂ ಮೂವರು. ಇಬ್ಬರು ಇನ್ನೂ ಮೀಸೆ ತಿರುವುವ ವಯಸ್ಸಿನ ಹೊರಗಿನ ಹುಡುಗರು, ಮೂರನೆಯವರು ಇವರು.

ಪೈಲಟ್ ಅಂದರೆ ಆರಡಿ ಎತ್ತರ, ಕಪ್ಪು ಕನ್ನಡಕ ಎಂದುಕೊಂಡು ಹೋದವನಿಗೆ ಕಂಡದ್ದು ಕುಳ್ಳು ಆಳು, ಬೋಳು ನೆತ್ತಿ, ಐವತ್ತರ ಅಂಚು. ಸೀಟಿನ ಮೇಲೆ ದಿಂಬು ಹಾಕಿಕೊಂಡು ಕುಳಿತರೇನೇ ಅವರಿಗೆ ಮುಂದಿನದು ಕಾಣುತ್ತಿತ್ತು. ಬೆಳಿಗ್ಗೆ ಹುಡುಗರಿಬ್ಬರೂ ಬ್ರೆಡ್ಡು ತಿನ್ನುತ್ತಿದ್ದರೆ ಇವರು ವಿಮಾನದ ರೆಕ್ಕೆಯ ನೆರಳಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು ರೊಟ್ಟಿ, ಪುಂಡಿಪಲ್ಯ ತಿನ್ನುತ್ತಿದ್ದರು. ಇಂಗ್ಲಿಷು, ಉರ್ದು ಎಲ್ಲ ನೀರು ಕುಡಿದಂತೆ ಬರುತ್ತಿತ್ತು. ಆದರೆ ವಿಮಾನದ ಜತೆಗಿನ ಮಾತು ಮಾತ್ರ ಅಪ್ಪಟ ಯಲಬುರ್ಗಾದ್ದು. ಎಂಜಿನ್ ಮೊದಲ ಸಲಕ್ಕೆ ಹತ್ತದಿದ್ದರೆ ಮೂತಿಯ ಮೇಲೆ ಅಂಗೈ ಇಟ್ಟು, ಮಗಳನ್ನು ವಿಚಾರಿಸಿದ ಹಾಗೆ, ಯಾಕವ್ವಾ, ಇವತ್ತ ಕೆಮ್ಮಾಕತ್ತೀಯಲ್ಲ ಎಂದು ಕೇಳುತ್ತಿದ್ದರು. ಅವರ ತಾಯಿಗೆ ಮಗನ ಕೆಲಸ ಕೊನೆಯವರೆಗೂ ತಿಳಿಯಲಿಲ್ಲವಂತೆ. ಮೇಲೆ ಹೋದಾಗ ಉಣ್ಣಲು ಏನು ಮಾಡುತ್ತಿ ಎಂಬುದೊಂದೇ ಆ ಮುದುಕಿಯ ಚಿಂತೆ.

ಔಷಧ ಹೊಡೆಯುವ ಕ್ರಮ ಹೇಳಿಬಿಡಬೇಕು. ಗದ್ದೆಯ ಈ ತುದಿಗೆ ಒಬ್ಬ, ಆ ತುದಿಗೆ ಒಬ್ಬ, ಬಿದಿರಿನ ಗಳಕ್ಕೆ ಬಿಳಿ ಬಟ್ಟೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಝಂಡಾದವರು ಎಂದು ಅವರ ಹೆಸರು. ಪೈಲಟ್ ಒಂದು ಝಂಡಾದಿಂದ ಇನ್ನೊಂದಕ್ಕೆ ನೇರ ಗೆರೆ ಎಳೆದಂತೆ, ಪೈರಿನಿಂದ ಎರಡಾಳು ಎತ್ತರದಲ್ಲಿ ಹಾರಿ ಔಷಧ ಬಿಡಬೇಕು. ಅವನು ಸುತ್ತು ಹಾಕಿ ಬರುವಷ್ಟರಲ್ಲಿ ಝಂಡಾದವರು ಹನ್ನೆರಡು ಹೆಜ್ಜೆ ಸರಿದು ಮುಂದಿನ ಗೆರೆಗೆ ನಿಲ್ಲಬೇಕು. ಸೂರ್ಯ ಹುಟ್ಟುವ ಹೊತ್ತಿಗೆ ಶುರುವಾದರೆ ಒಂಬತ್ತರ ತನಕ ಗಾಳಿ ಮಲಗಿರುತ್ತದೆ. ಆಮೇಲೆ ಏಳುತ್ತದೆ. ಎದ್ದ ಗಾಳಿಯಲ್ಲಿ ಔಷಧ ಎಲ್ಲಿ ಬೀಳುತ್ತದೆ ಎಂಬುದು ಹೊಡೆದವನಿಗೂ ಗೊತ್ತಾಗುವುದಿಲ್ಲ.

ಗಾಳಿ ಅಳೆಯಲು ಆಫೀಸಿನಲ್ಲಿ ಡಬ್ಬಿಯೊಳಗೆ ಒಂದು ಯಂತ್ರವಿತ್ತು. ಕ್ಯಾಪ್ಟನ್ ಮಾತ್ರ ಅಂಗಿಯ ಜೇಬಿನಲ್ಲಿ ಭತ್ತದ ಹೊಟ್ಟು ಇಟ್ಟುಕೊಳ್ಳುತ್ತಿದ್ದರು. ಒಂದು ಹಿಡಿ ತೆಗೆದು ಹೆಗಲೆತ್ತರಕ್ಕೆ ತೂರುವರು, ಅದು ಬಿದ್ದ ಕಡೆಗೆ ಹೆಜ್ಜೆ ಅಳೆಯುವರು. ಮೂರು ಹೆಜ್ಜೆ ದಾಟಿತೋ, ಟೊಪ್ಪಿಗೆ ತೆಗೆದು ರೊಟ್ಟಿಗೆ ಕುಳಿತರೆಂದೇ ಅರ್ಥ. ಆಮೇಲೆ ಯಾರು ಬಂದು ಕಾಲಿಗೆ ಬಿದ್ದರೂ ಏಳುತ್ತಿರಲಿಲ್ಲ. ಅವರ ಅಂಗಿ ಒಗೆಯುವವನು ಜೇಬು ಝಾಡಿಸಿ ಝಾಡಿಸಿ ಬೇಸತ್ತು, ಸಾಹೇಬರು ಎಮ್ಮೆ ಕಟ್ಟಿದ್ದಾರೇನು ಎಂದು ನನ್ನನ್ನು ಕೇಳಿದ್ದ.

ಇನ್ನೊಂದು ಚಾಳಿಯೆಂದರೆ ನಡೆಯುವುದು. ನಾಳೆ ಹೊಡೆಯಬೇಕಾದ ಗದ್ದೆಯನ್ನು ಇವತ್ತು ಸಂಜೆ ಬದುವಿನ ಮೇಲೆ ನಡೆದು ನೋಡಬೇಕು. ಕರೆಂಟಿನ ತಂತಿ, ಈಚಲ ಮರ, ಹೊಸದಾಗಿ ಒಟ್ಟಿದ ಬಣವೆ, ಮೇವಿನ ಹೊಲ, ಕುಡಿಯುವ ನೀರಿನ ಬಾವಿ, ಎಲ್ಲ ಕಣ್ಣಿಗೆ ಹಾಕಿಕೊಳ್ಳಬೇಕು. ಜತೆಗೆ ಕಾಗದ, ಪೆನ್ಸಿಲು ಹಿಡಿದು ನಾನು. ಅವರ ಕಾಲಿಗೆ ಚಕ್ರ, ನನ್ನ ಕಾಲಿಗೆ ಬೊಬ್ಬೆ. ಹಾಗೆ ನಡೆಯುವಾಗಲೇ ಅವರು ತಮ್ಮ ಹಿಂದಿನ ನೌಕರಿಯ ಕಥೆ ಹೇಳಿದ್ದು. ಉತ್ತರದ ಕಡೆ ಜನರನ್ನು ಒಯ್ಯುವ ಸಣ್ಣ ವಿಮಾನ ಕಂಪನಿಯೊಂದರಲ್ಲಿದ್ದರಂತೆ. ಒಂದು ಚಳಿಗಾಲ ಮಂಜು ಮುಸುಕಿದ ಬೆಳಿಗ್ಗೆ ಹೊರಡು ಎಂದು ಮ್ಯಾನೇಜರ್ ಹಟ ಹಿಡಿದಾಗ, ನೀವೂ ಬಾಜೂಕ ಕುಂದರ್ರಿ, ಹೋಗೂಣು ಎಂದರಂತೆ. ಮ್ಯಾನೇಜರ್ ಕುಳಿತುಕೊಳ್ಳಲಿಲ್ಲ, ಇವರ ನೌಕರಿ ಒಂದು ತಿಂಗಳು ಉಳಿಯಲಿಲ್ಲ. ಇದೇ ಕಡೆಯದು, ಇದು ಹೋದರೆ ನನ್ನನ್ನು ವಿಮಾನ ಹತ್ತಿಸುವವರು ಯಾರೂ ಇಲ್ಲ ಎಂದೂ ಹೇಳಿದ್ದರು. ಹಾರುವುದೊಂದು ಬಿಟ್ಟು ಅವರಿಗೆ ಬೇರೆ ಯಾವುದರಲ್ಲೂ ರುಚಿಯಿರಲಿಲ್ಲ. ಮಳೆಯಿಂದ ಎರಡು ದಿನ ಹಾರಾಟ ನಿಂತರೆ ಜ್ವರ ಬಂದವರಂತೆ ಡೇರೆಯೊಳಗೆ ಹೊರಳಾಡುತ್ತಿದ್ದರು.

ಝಂಡಾದವರೆಂದರೆ ಅವರಿಗೆ ಬಲು ಪ್ರೀತಿ. ಅವರಲ್ಲೊಬ್ಬ ಯಮನೂರಪ್ಪ, ಕೂಲಿಯವನು, ಮಾತು ಕಡಿಮೆ. ಅವನ ಮಗಳಿಗೆಂದು ಕ್ಯಾಪ್ಟನ್ ಕಿನ್ನಾಳದ ಗೊಂಬೆ ಮಾಡುವವರೊಬ್ಬರಿಗೆ ಕಟ್ಟಿಗೆಯ ವಿಮಾನ ಮಾಡಿಕೊಡಲು ಹೇಳಿದರು. ಆ ಹಿರಿಯರು ಒಂದು ದಿನವಿಡೀ ಬಿಡಾರದಲ್ಲಿ ಕುಳಿತು ವಿಮಾನ ನೋಡಿ ಹೋಗಿ, ಕೆಂಪು ಹಸಿರು ಬಣ್ಣ ಬಳಿದು, ಮೂತಿಗೆ ಎರಡು ದೊಡ್ಡ ಕಣ್ಣು ಬರೆದು ತಂದುಕೊಟ್ಟರು. ಕಣ್ಣು ಯಾಕೆಂದರೆ, ಕಣ್ಣಿಲ್ಲದೆ ಹೇಗೆ ಹಾರುತ್ತದೆ ಎಂದು ನಮ್ಮನ್ನೇ ಕೇಳಿದರು. ಕ್ಯಾಪ್ಟನ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲಿದ್ದ ಝಂಡಾದವರ ಹೆಗಲ ಮೇಲೆ ಕೈ ಹಾಕಿ, ನನ್ನ ವಿಮಾನದ ಕಣ್ಣು ನೀವೇ ಎಂದರು. ಪ್ರೀತಿಯಿಂದ ಆಡಿದ ಮಾತು. ಯಮನೂರಪ್ಪ ಅದನ್ನು ಹಾಗೆಯೇ ನಂಬಿಬಿಟ್ಟ.

ಮ್ಯಾನೇಜರ್ ಕೆಟ್ಟ ಮನುಷ್ಯನೇನಲ್ಲ. ಆದರೆ ಹೈದರಾಬಾದಿನಿಂದ ದಿನಾ ಒತ್ತಡ, ಎಷ್ಟು ಎಕರೆ ಆಯಿತು, ಎಷ್ಟು ಎಕರೆ ಆಯಿತು. ಒಂಬತ್ತಕ್ಕೆ ಪೈಲಟ್ಟರು ಕೈ ಕಟ್ಟಿ ಕುಳಿತರೆ ಮ್ಯಾನೇಜರರ ಜೀವ ಬಾಯಿಗೆ ಬರುತ್ತಿತ್ತು. ಅದರ ಮೇಲೆ ಝಂಡಾದ ಜಗಳ. ವಿಮಾನ ನಿಮ್ಮ ಕಡೆ ತಿರುಗಿದ ಕೂಡಲೇ ಗಳ ಎತ್ತಿಕೊಂಡು ಗಾಳಿ ಬರುವ ದಿಕ್ಕಿಗೆ ಓಡಿಬಿಡಿ ಎಂದು ಕ್ಯಾಪ್ಟನ್ ಕಲಿಸಿದ್ದರು. ಹಾಗೆ ಓಡಿದರೆ ಗೆರೆ ಸೊಟ್ಟಗಾಗಿ ನಡುವೆ ಪಟ್ಟಿ ಉಳಿಯುತ್ತದೆ, ರೈತರು ಬೈಯುತ್ತಾರೆ, ವಿಮಾನ ತಲೆಯ ಮೇಲೆ ದಾಟುವವರೆಗೂ ಅಲುಗಕೂಡದು ಎಂದು ಮ್ಯಾನೇಜರರ ಹುಕುಂ. ಪಾಪದ ಝಂಡಾದವರು ಒಮ್ಮೆ ಇವರ ಮುಖ, ಒಮ್ಮೆ ಅವರ ಮುಖ ನೋಡುತ್ತಿದ್ದರು.

ಒಂದು ದಿನ ಹತ್ತು ಗಂಟೆ ದಾಟಿತ್ತು. ರೈತನೊಬ್ಬ ಬಂದು ಅಂಗಲಾಚಿದ. ಅವನ ಗದ್ದೆಗೆ ಹಿಂದಿನ ದಿನವೇ ಹೊಡೆಯಬೇಕಿತ್ತು, ಹುಳ ಅರ್ಧ ತಿಂದಿತ್ತು. ಮ್ಯಾನೇಜರ್ ಕೂಡ, ಇದೊಂದು ಸಲ ಎಂದು ಕೈ ಮುಗಿದರು. ಕ್ಯಾಪ್ಟನ್ ಹೊಟ್ಟು ತೂರಿದರು. ಐದು ಹೆಜ್ಜೆ. ರೈತನ ಮುಖ ನೋಡಿದರು, ಮತ್ತೆ ತೂರಿದರು, ಮತ್ತೆ ಐದೇ. ಹೋಗಿ ವಿಮಾನ ಹತ್ತಿದರು. ನಾನು ಕಂಡಂತೆ ಅವರು ಎದ್ದ ಗಾಳಿಯಲ್ಲಿ ಹಾರಿದ್ದು ಅದೊಂದೇ ಸಲ. ಆ ತುದಿಗೆ ಝಂಡಾ ಹಿಡಿದವನು ಯಮನೂರಪ್ಪ. ಅವನು ಕದಲಲಿಲ್ಲ. ಏಳು ಗೆರೆಗೂ ಔಷಧ ಅವನ ಮೇಲೆಯೇ ಬಿತ್ತು. ಎಂಟನೆಯದಕ್ಕೆ ಝಂಡಾ ಕಾಣಲಿಲ್ಲ.

ಗಂಗಾವತಿಯ ಆಸ್ಪತ್ರೆಗೆ ಜೀಪಿನಲ್ಲಿ ಹಾಕಿಕೊಂಡು ಹೋದೆವು. ಬಾಯಲ್ಲಿ ನೊರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು. ಬದುಕಿದ, ಆದರೆ ಎಂಟು ದಿನ ಹಾಸಿಗೆ. ಮಾತು ಬಂದ ದಿನ ಕ್ಯಾಪ್ಟನ್ ಅವನನ್ನು, ಹೇಳಿದ್ದೆನಲ್ಲ, ಯಾಕೆ ಓಡಲಿಲ್ಲ ಎಂದು ಕೇಳಿದರು.

“ನಾ ಓಡಿದ್ರ ನಿಮಗ ಕಣ್ಣ ಕಾಣಂಗಿಲ್ರಿ,” ಎಂದ ಯಮನೂರಪ್ಪ. “ಕಾಲುವ್ಯಾಗ ಬೀಳ್ತೀರಿ ಅಂತ ನಿಂತೆರಿ.”

ಕ್ಯಾಪ್ಟನ್ ಮಂಚದ ಕಾಲಿನ ಹತ್ತಿರ ನೆಲಕ್ಕೆ ಕುಳಿತುಬಿಟ್ಟರು. ಗಂಡಸು ಹಾಗೆ ಅತ್ತದ್ದನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ. ನನಗೂ ತಡೆಯಲಾಗಲಿಲ್ಲ, ವರಾಂಡಕ್ಕೆ ಬಂದು ನಿಂತೆ.

ಯಮನೂರಪ್ಪನನ್ನು ಮನೆಗೆ ಬಿಟ್ಟುಬಂದ ದಿನವೇ ಮೂವರು ಪೈಲಟ್ಟರೂ ಆಫೀಸಿಗೆ ಬಂದು ನನ್ನಿಂದ ಒಂದು ಕಾಗದ ಟೈಪು ಮಾಡಿಸಿದರು. ಗಾಳಿ ಎದ್ದ ಮೇಲೆ ಹಾರುವುದಿಲ್ಲ. ಝಂಡಾದವರು ವಿಮಾನದಡಿ ನಿಲ್ಲುವುದಾದರೆ ಹಾರುವುದೇ ಇಲ್ಲ. ನಿಜ ಹೇಳಬೇಕೆಂದರೆ ಕ್ಯಾಪ್ಟನ್ನರಿಗಿಂತ ಆ ಹುಡುಗರಿಬ್ಬರದೇ ಉರಿ ಹೆಚ್ಚು. ಇನ್ನೂ ಬಿರುಸಾಗಿ ಬರೆಯಿರಿ ಎಂದು ನನ್ನ ಹೆಗಲ ಮೇಲೆ ಬಗ್ಗಿ ನಿಂತು ಹೇಳುತ್ತಿದ್ದರು. ಮೂರು ಸಹಿ ಬಿದ್ದವು. ಮ್ಯಾನೇಜರ್ ಓದಿ, ಪೈಲಟ್ಟನ ಕೆಲಸ ಹಾರುವುದು, ಕಂಪನಿ ನಡೆಸುವುದಲ್ಲ ಎಂದರು. ಮಾರನೆಯ ಬೆಳಿಗ್ಗೆ ಮೂರು ವಿಮಾನವೂ ನಿಂತಲ್ಲೇ ನಿಂತವು.

ಎರಡನೆಯ ದಿನಕ್ಕೆ ರೈತರು ಟ್ರ್ಯಾಕ್ಟರಿನಲ್ಲಿ ಬಂದಿಳಿದರು. ಕನ್ನಡದಲ್ಲಿ ಬೈದರು, ತೆಲುಗಿನಲ್ಲಿ ಬೈದರು. ಅವರ ತಪ್ಪೂ ಅಲ್ಲ, ಗದ್ದೆ ಕಣ್ಣೆದುರೇ ಒಣಗುತ್ತಿತ್ತು. ಮ್ಯಾನೇಜರ್ ಪೈಲಟ್ಟರ ಡೇರೆಯ ಕಡೆ ಬೆರಳು ತೋರಿಸಿದರು. ಕ್ಯಾಪ್ಟನ್ ಹೊರಗೆ ಬಂದು ಎಲ್ಲ ಬೈಗಳನ್ನೂ ಕೇಳಿಸಿಕೊಂಡರು. ನಾಳೆ ಹತ್ತು ಗಂಟೆಗೆ ಬನ್ನಿ, ನಾನು ಝಂಡಾ ಹಿಡಿಯುತ್ತೇನೆ, ನೋಡಿ ಆಮೇಲೆ ಬೈಯಿರಿ ಎಂದಷ್ಟೇ ಹೇಳಿದರು.

ಮಾರನೆಯ ದಿನ ಹೈದರಾಬಾದಿನಿಂದ ದೊಡ್ಡ ಸಾಹೇಬರೂ ಕಾರಿನಲ್ಲಿ ಬಂದಿದ್ದರು. ಕ್ಯಾಪ್ಟನ್ ಹಿಂದಿನ ದಿನವೇ ಗಂಗಾವತಿಯಿಂದ ಬಟ್ಟೆಗೆ ಹಾಕುವ ನೀಲಿ ತರಿಸಿದ್ದರು. ವಿಮಾನದ ತೊಟ್ಟಿಯನ್ನು ನಾಲ್ಕು ಸಲ ತೊಳೆಸಿ, ಬರೀ ನೀರಿಗೆ ಆ ನೀಲಿ ಕಲೆಸಿ ತುಂಬಿಸಿದರು. ಹುಡುಗ ಪೈಲಟ್ ಒಬ್ಬ ಹತ್ತಿದ. ಇವರು ಬಿಳಿ ಧೋತರ, ಬಿಳಿ ಅಂಗಿ ತೊಟ್ಟು, ಯಮನೂರಪ್ಪ ನಿಂತ ಬದುವಿನ ಮೇಲೆಯೇ ಗಳ ಹಿಡಿದು ನಿಂತರು. ವಿಮಾನ ಏಳು ಗೆರೆ ಹೊಡೆಯಿತು, ಇವರು ಹನ್ನೆರಡು ಹನ್ನೆರಡು ಹೆಜ್ಜೆ ಸರಿದರು, ಹುಕುಮಿನ ಪ್ರಕಾರ, ಓಡದೆ.

ವಾಪಸು ಬಂದಾಗ ನೆತ್ತಿಯಿಂದ ಪಾದದವರೆಗೆ ನೀಲಿ. ಹಲ್ಲು ಮಾತ್ರ ಬಿಳಿ. ಯಾರೋ ಮುಸಿಮುಸಿ ನಕ್ಕರು. ಅಷ್ಟರಲ್ಲಿ ಎರಡು ಗದ್ದೆ ಆಚೆ ಕಟ್ಟಿದ್ದ ಬಿಳಿ ಎತ್ತಿನ ಯಜಮಾನ ಎದೆ ಬಡಿದುಕೊಳ್ಳುತ್ತ ಎತ್ತನ್ನು ಹಿಡಿದುಕೊಂಡು ಬಂದ. ಎತ್ತಿನ ಒಂದು ಮಗ್ಗುಲೆಲ್ಲ ನೀಲಿ ಚುಕ್ಕೆ, ಅದು ಮೇಯುತ್ತಿದ್ದ ಮೇವಿಗೂ ನೀಲಿ. ನಗು ನಿಂತುಹೋಯಿತು. ಹಿಂದಿನ ದಿನ ಎಲ್ಲರಿಗಿಂತ ಹೆಚ್ಚು ಬೈದಿದ್ದ ರೈತನೇ ದೊಡ್ಡ ಸಾಹೇಬರ ಮುಂದೆ ನಿಂತು, ಗಾಳಿ ಎದ್ದ ಮೇಲೆ ನಮ್ಮ ಕಡೆ ಹಾರಿಸಬೇಡಿ ಎಂದ.

ಅಲ್ಲಿಗೆ ಎರಡೂ ಮಾತು ಗೆದ್ದವು. ಝಂಡಾದವರು ಮೊದಲೇ ಸರಿಯಬಹುದು ಎಂದೂ, ಗಾಳಿಯ ತೀರ್ಮಾನ ಪೈಲಟ್ಟರದೇ ಎಂದೂ ದೊಡ್ಡ ಸಾಹೇಬರು ಬರೆದುಕೊಟ್ಟರು. ನಾನೇ ಟೈಪು ಮಾಡಿದೆ, ಕುಣಿದಾಡುವಷ್ಟು ಖುಷಿಯಲ್ಲಿ.

ಮಾರನೆಯ ಮಧ್ಯಾಹ್ನ ಮ್ಯಾನೇಜರ್ ನನ್ನನ್ನು ಕರೆದು ಒಂದು ಹಾಳೆ ಮುಂದಿಟ್ಟರು. ಅವರೇ ಟೈಪು ಮಾಡಿದ್ದು, ತಪ್ಪು ತಪ್ಪಾಗಿ. ಅದರಲ್ಲಿ ಹೀಗಿತ್ತು: ಹಾರಾಟ ನಿಲ್ಲಿಸಿದವರು ಹಿರಿಯ ಪೈಲಟ್ ಒಬ್ಬರೇ. ಉಳಿದಿಬ್ಬರು ಹಾರಲು ಸಿದ್ಧರಿದ್ದರು, ಅವರನ್ನು ತಡೆದವರೂ ಇವರೇ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಳಗೆ ನನ್ನ ಸಹಿಗೆ ಜಾಗ. ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಸುಳ್ಳು ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಮೂರು ಸಹಿ ಬಿದ್ದ ಕಾಗದ ಟೈಪು ಮಾಡಿದವನೇ ನಾನು. ಇದಕ್ಕೆ ಸಹಿ ಹಾಕಿದರೆ ಕ್ಯಾಪ್ಟನ್ ಮತ್ತೆ ಹಾರಲಾರರು ಎಂಬುದೂ ಗೊತ್ತಿತ್ತು. ಯೋಚನೆ ಮಾಡಿ, ಅವಸರವಿಲ್ಲ, ಇವತ್ತೇ ಆಗಬೇಕೆಂದಿಲ್ಲ ಎಂದರು ಮ್ಯಾನೇಜರ್. ನನ್ನ ಕಣ್ಣಿಗೆ ಮಾವನ ಮುಖ ಕಂಡಿತು, ಹೆಂಡತಿಯ ಮುಖ ಕಂಡಿತು. ಅವರ ಮಾತು ಮುಗಿಯುವುದರೊಳಗೆ ಪೆನ್ನು ತೆಗೆದಿದ್ದೆ.

ಎರಡು ದಿನಕ್ಕೆ ಕ್ಯಾಪ್ಟನ್ ಒಂದು ಟ್ರಂಕು, ಒಂದು ದಿಂಬು ಎತ್ತಿಕೊಂಡು ಗಂಗಾವತಿ ಬಸ್ಸಿಗೆ ಹೋದರು. ಹುಡುಗರಿಬ್ಬರೂ ವಿಮಾನದ ಚಕ್ರದ ಮೇಲೆ ಕುಳಿತು ಅಳುತ್ತಿದ್ದರು. ಹೊರಡುವಾಗ ಕ್ಯಾಪ್ಟನ್ ನನ್ನ ಬೆನ್ನು ತಟ್ಟಿ, ಹೆಂಡತಿಯನ್ನು ಚೆನ್ನಾಗಿ ನೋಡಿಕೋ ಎಂದರು. ನಾನು ಅವರ ಚಪ್ಪಲಿ ನೋಡುತ್ತ ನಿಂತಿದ್ದೆ. ಇಂಥ ಕಂಪನಿಗಳು ದೇಶದಲ್ಲಿ ಬೆರಳೆಣಿಕೆಯಷ್ಟು, ಒಂದು ಕಡೆ ಬಿಟ್ಟವರ ಸುದ್ದಿ ಇನ್ನೊಂದು ಕಡೆಗೆ ಅವರಿಗಿಂತ ಮೊದಲೇ ಮುಟ್ಟುತ್ತದೆ. ಅವರನ್ನು ಮತ್ತೆ ಯಾರೂ ಕರೆಯಲಿಲ್ಲ.

ಆಮೇಲೆ ನನಗೆ ಸರಕಾರಿ ನೌಕರಿಯಾಗಿ ಕೊಪ್ಪಳಕ್ಕೆ ಬಂದೆ. ಏಳೆಂಟು ವರ್ಷ ಕಳೆದಿರಬೇಕು. ಆಫೀಸಿನ ಕೆಲಸಕ್ಕೆ ಕುಷ್ಟಗಿಗೆ ಹೋದಾಗ, ರಸ್ತೆ ಪಕ್ಕದ ತಗಡಿನ ಶೆಡ್ಡಿನಲ್ಲಿ ಬಾವಿಯ ಎಂಜಿನ್ ಬಿಚ್ಚಿಕೊಂಡು ಕುಳಿತಿದ್ದ ಬೋಳು ನೆತ್ತಿ ಕಂಡಿತು. ಕ್ಯಾಪ್ಟನ್ನರೇ. ದಾಟಿ ಹೋಗಬಹುದಿತ್ತು. ಆದರೆ ಅಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿತ್ತು. ಹೋಗಿ ಎಣ್ಣೆ ಮೆತ್ತಿದ ಆ ಕೈಗಳನ್ನು ಹಿಡಿದುಕೊಂಡು, ಆ ಕಾಗದಕ್ಕೆ ಸಹಿ ಹಾಕಿದವನು ನಾನು ಎಂದು ಹೇಳಿಬಿಟ್ಟೆ.

ಅವರು ಕೈ ಬಿಡಿಸಿಕೊಂಡು, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮೊದಲು ನನ್ನ ಬೆರಳು ಒರೆಸಿದರು.

“ಅದನ್ನ ಬರಸ್ದಾವ ನಾನ, ತಮ್ಮಾ. ಹೈದ್ರಾಬಾದದವ್ರು ಮೂರೂ ಮಂದೀನ ಕೆಲಸದಿಂದ ತಗೀತೀವಿ ಅಂತ ಕುಂತಿದ್ರು. ಹುಡುಗ್ರು ಇನ್ನೂ ಭಾಳ ವರ್ಷ ಹಾರೂವು. ಮೂರ್ ಸಹೀ ಕಾಗದ ಹರದ್ ಹಾಕ್ರಿ, ನಾ ಒಬ್ಬನ ಮಾಡೇನಿ ಅಂತ ಬರೀರಿ ಅಂತ ಮ್ಯಾನೇಜರ್‌ಗ ನಾನ ಹೇಳ್ದೆ. ಸಾಕ್ಷಿ ಬೇಕಾಗಿತ್ತು ಅವರಿಗೆ, ಅಷ್ಟ.”

ಏಳೆಂಟು ವರ್ಷದ ಭಾರ ಒಂದೇ ಉಸಿರಿಗೆ ಇಳಿದುಹೋಯಿತು. ಕುಷ್ಟಗಿಯ ಆ ಬಿಸಿಲಿನಲ್ಲಿ ನಾನು ಹುಚ್ಚನ ಹಾಗೆ ನಕ್ಕೆ. ಹಾಗಾದರೆ ನಾನು ಸಹಿ ಹಾಕಿದ್ದು ಒಳ್ಳೆಯದೇ ಆಯಿತಲ್ಲ ಎಂದೆ.

“ಛಲೋನ ಆತು,” ಎಂದರು. ಎಂಜಿನ್ನಿನ ಕಡೆ ತಿರುಗಿ ಸ್ಪ್ಯಾನರ್ ಎತ್ತಿಕೊಂಡರು. ಮುಂದಿನ ಮಾತನ್ನು ಅವರು ನನ್ನ ಮುಖ ನೋಡಿ ಹೇಳಲಿಲ್ಲ. ದನಿಯಲ್ಲಿ ಸಿಟ್ಟೂ ಇರಲಿಲ್ಲ.

“ಆವತ್ತ ಸಂಜೀಮಟ ಡೇರೇದ ಮುಂದ ಕುರ್ಚಿ ಹಾಕ್ಕೊಂಡ ಕುಂತಿದ್ದೆ ನೋಡು. ಏನ್ ಮಾಡ್ಲಿ ಅಂತ ನೀ ಕೇಳಾಕ ಬರ್ತಿ ಅಂದ್ಕೊಂಡಿದ್ದೆ. ಬಂದಿದ್ರ, ಸಹಿ ಹಾಕಿಬಿಡು ಅಂತಿದ್ದೆ.”

ಆ ಕುರ್ಚಿ ನನಗೂ ನೆನಪಿತ್ತು. ಅದರಲ್ಲಿ ಅವರು ಒಬ್ಬರೇ ಕುಳಿತಿದ್ದನ್ನು ದೂರದಿಂದ ಕಂಡು, ಔಷಧದ ಪೀಪಾಯಿಗಳ ಹಿಂದಿನಿಂದ ಸುತ್ತು ಹಾಕಿ ನಾನು ಊಟಕ್ಕೆ ಹೋಗಿದ್ದೆ.